ಟರ್ಬೊ ಎಂಜಿನ್ ತಣಿಸುವುದು, ಕಾಪಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಎಷ್ಟು ಹೊತ್ತು ಓಡುತ್ತಿರಬೇಕು ಎನ್ನುವುದೇ ಟರ್ಬೊ ಕಾರು ಕೊಂಡವರ ಮೊದಲ ಚಿಂತೆ. ಅದಕ್ಕೆ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ನಿಜ ಹೇಳಬೇಕೆಂದರೆ ಆಫ್ ಮಾಡುವ ಮೊದಲು ಒಂದು ನಿಮಿಷ ಕಾಯದಿರುವುದಕ್ಕಿಂತ ಹೆಚ್ಚು ಟರ್ಬೊಗಳನ್ನು ಕೊಂದಿರುವುದು ಹಳೇ ಆಯಿಲ್ ಮತ್ತು ಕೊಳಕು ಏರ್ ಫಿಲ್ಟರ್. ಹಾಗಾಗಿ ಕೆಳಗಿನ ಪ್ರಶ್ನೆಗಳನ್ನೂ ಬಿಡದೆ ಓದಿ.

ಆಫ್ ಮಾಡುವ ಮೊದಲು ಎಷ್ಟು ಹೊತ್ತು ಐಡಲ್‌ನಲ್ಲಿ ಬಿಡಬೇಕು?

ಪೇಟೆಯಲ್ಲಿ ಸಾಧಾರಣವಾಗಿ ಓಡಾಡಿ ಬಂದಿದ್ದರೆ ಕಾಯಲೇಬೇಕಿಲ್ಲ. ತಿರುವು ದಾಟಿ, ಜಾಗ ಹುಡುಕಿ, ಹಿಂದೆ ಮುಂದೆ ಮಾಡಿ ಪಾರ್ಕ್ ಮಾಡುವಷ್ಟರಲ್ಲಿ ಟರ್ಬೊ ತಣಿಯಬೇಕಾದಷ್ಟು ತಣಿದಿರುತ್ತದೆ. ಹೈವೇಯಲ್ಲಿ ಜೋರಾಗಿ ಬಂದು ತಟ್ಟನೆ ನಿಲ್ಲಿಸಿದಾಗ, ತುಂಬಿದ ಗಾಡಿಯಲ್ಲಿ ಘಾಟಿ ಹತ್ತಿ ತುದಿಯಲ್ಲೇ ನಿಂತಾಗ, ಟ್ರೇಲರ್ ಎಳೆದಾಗ ಒಂದರಿಂದ ಎರಡು ನಿಮಿಷ ಐಡಲ್ ಸಾಕು. ಕೈಪಿಡಿಯಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ನಿಲ್ಲಿಸುವ ಮೊದಲಿನ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಮಾಡಿ ಓಡಿಸಿ. ನಿಂತಲ್ಲೇ ಐಡಲ್ ಮಾಡುವಾಗ ಆಯಿಲ್ ಪಂಪ್, ವಾಟರ್ ಪಂಪ್ ಎರಡೂ ನಿಧಾನ. ರೇಡಿಯೇಟರ್‌ಗೆ ಫ್ಯಾನ್ ಗಾಳಿ ಬಿಟ್ಟರೆ ಬೇರೆ ಗಾಳಿಯಿಲ್ಲ. ಗಾಡಿ ಹಗುರವಾಗಿ ಓಡುತ್ತಿದ್ದರೆ ಆಯಿಲ್, ಕೂಲೆಂಟ್, ಗಾಳಿ ಮೂರೂ ಚೆನ್ನಾಗಿ ಹರಿಯುತ್ತವೆ, ಎಕ್ಸಾಸ್ಟ್ ಮಾತ್ರ ಅಷ್ಟು ಬಿಸಿ ಇರುವುದಿಲ್ಲ. ಎಡವಟ್ಟಾಗುವುದು ಸಾಮಾನ್ಯವಾಗಿ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ: ನೂರರ ಮೇಲಿನ ವೇಗದಿಂದ ಅರ್ಧ ನಿಮಿಷದಲ್ಲಿ ಪಂಪಿನ ಮುಂದೆ ಬಂದು ಕೀ ತಿರುಗಿಸಿರುತ್ತೇವೆ. ಪಂಪಿನ ಮುಂದೆ ಎಂಜಿನ್ ಓಡಿಸುವಂತಿಲ್ಲ. ಹಾಗಾಗಿ ಬಂಕಿಗೆ ನುಗ್ಗುವ ಮೊದಲೇ ವೇಗ ಇಳಿಸಿ, ಬೇಕಿದ್ದರೆ ಪಕ್ಕಕ್ಕೆ ಒಂದು ನಿಮಿಷ ನಿಂತು, ಆಮೇಲೆ ಸಾಲಿಗೆ ಸೇರಿ.

ಅಷ್ಟಕ್ಕೂ ಒಳಗೆ ಆಗುವುದೇನು?

ಟರ್ಬೊ ಅಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಒಂದು ತುದಿಯ ಟರ್ಬೈನನ್ನು ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ತಿರುಗಿಸುತ್ತದೆ. ಇನ್ನೊಂದು ತುದಿಯ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಮಾಡಿಸಿದ ಕಾಲದಿಂದಲೂ, ವ್ಯರ್ಥ ಹೋಗುವ ಎಕ್ಸಾಸ್ಟಿನಿಂದ ಕೆಲಸ ತೆಗೆಯುವ ಈ ಮೂಲ ಉಪಾಯ ಬದಲಾಗಿಲ್ಲ. ಈಗಿನ ಕಾರುಗಳ ಸಣ್ಣ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದುಂಟು. ಪೂರ್ತಿ ಲೋಡಿನಲ್ಲಿ ಡೀಸೆಲ್ ಎಂಜಿನ್ನಿನ ಎಕ್ಸಾಸ್ಟ್ 700–800 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಪೆಟ್ರೋಲ್ ಎಂಜಿನ್ನಿನದು 950 ಡಿಗ್ರಿ ದಾಟುತ್ತದೆ. ಆ ಬೆಂಕಿಗೂ ತಣ್ಣನೆ ಗಾಳಿ ಎಳೆಯುವ ಚಕ್ರಕ್ಕೂ ನಡುವೆ ಇರುವುದು ಅಂಗೈ ಅಗಲದ ಜಾಗ.

ಆ ಜಾಗದಲ್ಲಿರುವುದೇ ಬೇರಿಂಗ್. ಹೆಚ್ಚಿನ ಕಾರುಗಳಲ್ಲಿ ಅದು ಗುಂಡುಗಳಿರುವ ಬಾಲ್ ಬೇರಿಂಗ್ ಅಲ್ಲ. ನುಣುಪಾದ ಲೋಹದ ಬುಶ್ ಒಳಗೆ, ತೆಳುವಾದ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತಿರುತ್ತದೆ. ಲೋಹಕ್ಕೆ ಲೋಹ ತಾಗದಂತೆ ನೋಡಿಕೊಳ್ಳುವುದೂ ಆಯಿಲ್, ಬಿಸಿಯನ್ನು ಹೊತ್ತು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಒಯ್ಯುವುದೂ ಅದೇ ಆಯಿಲ್.

ಎಂಜಿನ್ ಆಫ್ ಆದ ಕ್ಷಣ ಆಯಿಲ್ ಪಂಪ್ ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೈನಿನ ಎರಕದ ಕವಚದಲ್ಲಿ ಸೇರಿಕೊಂಡ ಬಿಸಿಗೆ ಹೋಗಲು ಬೇರೆ ದಾರಿಯಿಲ್ಲದೆ ನಡುವಿನ ಬೇರಿಂಗಿನ ಕಡೆ ಹರಿಯುತ್ತದೆ. ಆಫ್ ಮಾಡಿದ ಮೇಲೆ ಬೇರಿಂಗಿನ ಬಿಸಿ ಇಳಿಯುವ ಬದಲು ಕೆಲ ನಿಮಿಷ ಏರುವುದು ಈ ಕಾರಣಕ್ಕೆ. ಅಲ್ಲಿ ನಿಂತ ಆಯಿಲ್, ಕಾದ ಕಾವಲಿಯ ಮೇಲೆ ಉಳಿದ ಎಣ್ಣೆಯ ಹಾಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಒಂದು ಸಲಕ್ಕೆ ಏನೂ ಆಗದು. ವರ್ಷಗಟ್ಟಲೆ ಹೀಗೇ ಆದರೆ ಆಯಿಲ್ ಬರುವ ಸಣ್ಣ ಪೈಪಿನ ಒಳಗೋಡೆಗೆ ಕರಕಲು ಕಟ್ಟಿ ದಾರಿ ಕಿರಿದಾಗುತ್ತದೆ. ಒಂದು ದಿನ ಅದರ ಚೂರು ಕಿತ್ತು ಬೇರಿಂಗಿಗೆ ಬೀಳುತ್ತದೆ. ಕೆಟ್ಟ ಟರ್ಬೊದ ಫೀಡ್ ಪೈಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಬೆಳಕು ಸಲೀಸಾಗಿ ಕಾಣಬೇಕಾದ ಕಡೆ ಸೂಜಿ ತೂರುವಷ್ಟೇ ಕಿಂಡಿ ಉಳಿದಿರುವುದುಂಟು.

ನನ್ನ ಕಾರಿನ ಟರ್ಬೊಗೆ ಕೂಲೆಂಟ್ ಸುತ್ತುತ್ತದಂತೆ. ಆದರೂ ಕಾಯಬೇಕೇ?

ಚಿಂತೆ ಬಹುಪಾಲು ಕಡಿಮೆ ಮಾಡಿಕೊಳ್ಳಬಹುದು. 1980ರ ದಶಕದಿಂದ ಕಾರಿನ ಟರ್ಬೊಗಳ ನಡುಭಾಗಕ್ಕೆ ನೀರಿನ ದಾರಿ ಕೊಡುವುದು ರೂಢಿಗೆ ಬಂತು. ಇದರ ಸೊಗಸು ಇರುವುದು ಎಂಜಿನ್ ನಿಂತ ಮೇಲೆ. ಬೇರಿಂಗಿನ ಸುತ್ತ ಬಿಸಿಯಾದ ಕೂಲೆಂಟ್ ಹಗುರವಾಗಿ ಮೇಲಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯದು ಬರುತ್ತದೆ. ಪಂಪ್ ಇಲ್ಲದೆಯೇ ಸುತ್ತು ಮುಂದುವರಿಯುತ್ತದೆ. ಕೆಲವು ಕಾರುಗಳಲ್ಲಿ ಇದೇ ಕೆಲಸಕ್ಕೆಂದು ಪ್ರತ್ಯೇಕ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಇತ್ತೀಚಿನ ಹಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಸಿಲಿಂಡರುಗಳ ಬಿಸಿ ಅನಿಲವನ್ನು ಕೂಡಿಸಿ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೇ ಸಿಲಿಂಡರ್ ಹೆಡ್ ಒಳಗೆ ಸೇರಿಸಿ ಕೂಲೆಂಟ್ ಸುತ್ತಿಸಿರುತ್ತಾರೆ, ಟರ್ಬೊ ತಲುಪುವ ಮೊದಲೇ ಅನಿಲದ ಬಿಸಿ ಇಳಿಯಲಿ ಎಂದು.

ಆದರೆ ಸಾಕಷ್ಟು ಡೀಸೆಲ್ ಕಾರುಗಳ ಟರ್ಬೊ ಇಂದಿಗೂ ಬರೀ ಆಯಿಲಿನಿಂದಲೇ ತಣಿಯುವಂಥದ್ದು. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ನಿಮಿಷದ ಅಭ್ಯಾಸ ಇಟ್ಟುಕೊಳ್ಳಿ, ನಷ್ಟವೇನೂ ಇಲ್ಲ.

ಟರ್ಬೊ ಕಾರುಗಳ ಚರಿತ್ರೆಯೇ ಬಿಸಿಯ ಜೊತೆಗಿನ ಗುದ್ದಾಟ. ಮಾರಾಟಕ್ಕೆ ಬಂದ ಮೊದಲ ಟರ್ಬೊ ಕಾರುಗಳಲ್ಲೊಂದಾದ 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣದ ತೊಟ್ಟಿಯೊಂದಿತ್ತು. ಎಂಜಿನ್ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಹೊತ್ತಿಕೊಂಡು ಬಡಿಯುವುದು) ಆಗದಿರಲೆಂದು ಅದನ್ನು ಗಾಳಿಯ ಜೊತೆ ಚಿಮ್ಮಿಸುತ್ತಿದ್ದರು. ತೊಟ್ಟಿ ಖಾಲಿಯಾದರೆ ಬೂಸ್ಟ್, ಅಂದರೆ ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ, ಕಟ್! ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆಯುತ್ತಿದ್ದರು. ಆ ಲೆಕ್ಕದಲ್ಲಿ ಇಂದಿನವರ ಪಾಡು ಸುಖ.

ಕೀ ತೆಗೆದ ಮೇಲೂ ಫ್ಯಾನ್ ಓಡುತ್ತಿದೆ. ಏನಾದರೂ ಕೆಟ್ಟಿದೆಯೇ?

ಇಲ್ಲ. ಬಿಸಿ ಹೊರಹಾಕಲು ಅದು ಹಾಗೆ ಓಡಬೇಕು, ಕೆಲ ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಬಾನೆಟ್ ಕೆಳಗೆ ಕೈ ಹಾಕುವುದಿದ್ದರೆ ಇದು ನೆನಪಿರಲಿ. ನಿಂತ ಫ್ಯಾನ್ ಮತ್ತೆ ತಿರುಗಬಹುದು. ತಣ್ಣಗಿನ ಎಂಜಿನ್ನಲ್ಲೂ ಗಂಟೆಗಟ್ಟಲೆ ಓಡುತ್ತಿದ್ದರೆ ಆಗ ರಿಲೇ ಅಥವಾ ಸೆನ್ಸರ್ ನೋಡಿಸಿ.

ಆಫ್ ಮಾಡುವ ಮೊದಲು ಒಂದು ಸಲ ರೇಸ್ ಕೊಡುವುದು ಒಳ್ಳೆಯದಂತೆ, ನಿಜವೇ?

ಟರ್ಬೊ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ರೇಸ್ ಕೊಟ್ಟಾಗ ಶಾಫ್ಟಿನ ವೇಗ ಏರುತ್ತದೆ, ತಕ್ಷಣ ಕೀ ತಿರುಗಿಸಿದರೆ ಆಯಿಲ್ ಒತ್ತಡ ಇಳಿದುಹೋಗುತ್ತದೆ, ಶಾಫ್ಟ್ ಮಾತ್ರ ಬರಿಬೇರಿಂಗಿನಲ್ಲಿ ಗಿರಗಿರ ತಿರುಗುತ್ತಲೇ ಇರುತ್ತದೆ. ಇದು ಕಾರ್ಬ್ಯುರೇಟರ್ ಕಾಲದ ಪಳೆಯುಳಿಕೆ. ಇಂದೇ ಬಿಟ್ಟುಬಿಡಿ.

ಟರ್ಬೊ ಟೈಮರ್ ಹಾಕಿಸಲೇ?

ಬೇಡ ಎಂದೇ ನನ್ನ ಅಭಿಪ್ರಾಯ. ಕೀ ತೆಗೆದ ಮೇಲೂ ನಿಗದಿತ ಹೊತ್ತು ಎಂಜಿನ್ ಓಡಿಸುವ ಈ ಪುಟ್ಟ ಪೆಟ್ಟಿಗೆ 80–90ರ ದಶಕದ ಜಪಾನಿ ಟರ್ಬೊ ಕಾರುಗಳ ಕಾಲದಲ್ಲಿ ಬಲು ಜನಪ್ರಿಯ. ಇಂದಿನ ಕಾರಿನಲ್ಲಿ ಅದು ಮಾಡುವ ಉಪಕಾರ ಅಲ್ಪ, ತರುವ ತಲೆನೋವು ಹೆಚ್ಚು. ಯಾರೂ ಇಲ್ಲದ ಗಾಡಿಯ ಎಂಜಿನ್ ಓಡುತ್ತಿರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಇಗ್ನಿಶನ್ ವೈರಿಂಗ್ ಕತ್ತರಿಸಿ ಜೋಡಿಸಿದರೆ ವಾರಂಟಿಯವರು ತಕರಾರು ತೆಗೆಯುತ್ತಾರೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರ ಮಾತು ಬೇರೆ. ಅವರು ಕೂಡ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿಯೇ ಒಳಗೆ ಬರುತ್ತಾರೆ.

ಸ್ಟಾರ್ಟ್-ಸ್ಟಾಪ್ ಇರುವ ಕಾರು ಸಿಗ್ನಲ್‌ನಲ್ಲಿ ತಾನೇ ಆಫ್ ಆಗುತ್ತದಲ್ಲ, ಟರ್ಬೊ ಗತಿ?

ಆ ವ್ಯವಸ್ಥೆ ಕಣ್ಣುಮುಚ್ಚಿ ಆಫ್ ಮಾಡುವುದಿಲ್ಲ. ಕೂಲೆಂಟ್ ಬಿಸಿ, ಬ್ಯಾಟರಿ ಚಾರ್ಜ್, ಎಸಿಯ ಬೇಡಿಕೆ ಹೀಗೆ ಹಲವನ್ನು ನೋಡಿಕೊಂಡು, ಒಪ್ಪಿಗೆಯಾದರೆ ಮಾತ್ರ ನಿಲ್ಲಿಸುತ್ತದೆ. ಪೇಟೆಯ ಸಿಗ್ನಲ್‌ನಲ್ಲಿ ನಿಶ್ಚಿಂತೆಯಿಂದಿರಿ. ಘಾಟಿ ಹತ್ತಿ ಬಂದು ಟೋಲ್ ಗೇಟಿನಲ್ಲಿ ನಿಂತಾಗ, ಹೈವೇಯಿಂದ ಇಳಿದ ಕೂಡಲೇ ಸಿಗುವ ಸಿಗ್ನಲ್‌ನಲ್ಲಿ ಬಟನ್ ಒತ್ತಿ ಅದನ್ನು ತಾತ್ಕಾಲಿಕವಾಗಿ ಬಂದ್ ಮಾಡಿಕೊಂಡರೆ ಸಾಕು.

ಹಾಗಾದರೆ ಹೆಚ್ಚು ಹೊತ್ತು ಐಡಲ್ ಮಾಡಿದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಮೂರ್ನಾಲ್ಕು ನಿಮಿಷ ದಾಟಿದ ಮೇಲೆ ಲಾಭ ಶೂನ್ಯ. ಟರ್ಬೊ ಶಾಫ್ಟಿನ ಸೀಲ್ ರಬ್ಬರಿನದಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಉಂಗುರ. ಚಕ್ರದ ಕಡೆಯಿಂದ ಒತ್ತುವ ಗಾಳಿ ಮತ್ತು ಅನಿಲದ ನೆರವಿದ್ದರೇ ಅದು ಆಯಿಲನ್ನು ಸರಿಯಾಗಿ ತಡೆಯುವುದು. ಗಂಟೆಗಟ್ಟಲೆ ಐಡಲ್‌ನಲ್ಲಿ ಆ ಒತ್ತಡ ತೀರಾ ಕಡಿಮೆ, ಆಯಿಲ್ ಮೆಲ್ಲಗೆ ಒಸರಬಹುದು. ಡೀಸೆಲ್ ಕಾರಾದರೆ ಎಕ್ಸಾಸ್ಟ್ ತಣ್ಣಗಿದ್ದು, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿಯೂ ಕಟ್ಟುತ್ತದೆ.

ತಣಿಸಲು ಕಾಯಲೇಬಾರದ ಸಂದರ್ಭ ಇದೆಯೇ?

ಇದೆ. ಕೆಂಪು ಆಯಿಲ್ ಪ್ರೆಶರ್ ದೀಪ ಹೊತ್ತಿದರೆ ಟರ್ಬೊ ತಣಿಸುವ ಯೋಚನೆ ಮರೆತು, ಸುರಕ್ಷಿತ ಜಾಗ ಸಿಕ್ಕ ತಕ್ಷಣ ಎಂಜಿನ್ ಆಫ್ ಮಾಡಿ. ಆಯಿಲ್ ಇಲ್ಲದೆ ಓಡಿದ ಅರ್ಧ ನಿಮಿಷ ಟರ್ಬೊವನ್ನಷ್ಟೇ ಅಲ್ಲ, ಕ್ರ್ಯಾಂಕ್ ಬೇರಿಂಗನ್ನೂ ಮುಗಿಸಬಲ್ಲದು. ಹೋಸ್ ಒಡೆದು ಕೂಲೆಂಟ್ ಸುರಿದುಹೋಗುತ್ತಿದ್ದರೂ ಇದೇ ಮಾತು.

ಟೆಂಪರೇಚರ್ ಮುಳ್ಳು ಏರುತ್ತಿದೆ. ಆ ಹೊತ್ತಿಗೆ ಮಾಡಬೇಕಾದದ್ದೇನು?

ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಸೆಕೆಯಾದರೂ ಸಹಿಸಿಕೊಳ್ಳಿ, ಅದು ಒಂದು ಪುಟ್ಟ ರೇಡಿಯೇಟರಿನ ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಬನ್ನಿ. ಫ್ಯಾನ್ ಓಡುತ್ತಿದ್ದು, ಹಬೆ ಎಲ್ಲೂ ಬರದೆ, ಮುಳ್ಳು ಇಳಿಯತೊಡಗಿದರೆ ಐಡಲ್‌ನಲ್ಲೇ ಬಿಡಬಹುದು. ಏರುತ್ತಲೇ ಇದ್ದರೆ, ಕೆಂಪು ಮುಟ್ಟಿದರೆ, ಹಬೆ ಕಂಡರೆ ಆಫ್.

ಬಿಸಿ ಇರುವಾಗ ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆಯಬಾರದು. ಒಳಗಿನ ದ್ರವ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ, ಕುದಿದು, ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಮೇಲಿನ ಹೋಸ್ ಕೈಯಲ್ಲಿ ಹಿಸುಕಿದರೆ ಮೆತ್ತಗೆ, ತಣ್ಣಗೆ ಇದೆ ಎಂದಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ.

ಇನ್ನು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಎನ್ನುವ ಸಲಹೆ ಕೊಡುವವರು ಈಗಲೂ ಸಿಗುತ್ತಾರೆ. ಎಂಜಿನ್ ಸರಿಯಾದ ಬಿಸಿಗೆ ಬರದೆ ಆಯಿಲ್‌ಗೆ ಇಂಧನ, ನೀರು ಸೇರಿಕೊಂಡು ಆಯಿಲ್ ಬೇಗ ಕೆಡುತ್ತದೆ. ಟರ್ಬೊಗೆ ಬೇಡವಾದದ್ದೇ ಅದು.

ಬಿಸಿ ಎಂಜಿನ್ ಮೇಲೆ ನೀರು ಹಾಕಿ ತಣಿಸಬಹುದೇ? ತೊಳೆಯಬಹುದೇ?

ಬೇಡವೇ ಬೇಡ. ಕೆಂಪಗೆ ಕಾದ ಎರಕದ ಟರ್ಬೈನ್ ಕವಚ, ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ತೊಳೆಯುವುದಿದ್ದರೆ ಪೂರ್ತಿ ತಣಿದ ಮೇಲೆ, ಕಡಿಮೆ ಒತ್ತಡದ ನೀರಿನಲ್ಲಿ. ಇದೇ ಕಾರಣಕ್ಕೆ, ಹೈವೇಯಿಂದ ಬಂದವರು ನೇರವಾಗಿ ರಸ್ತೆಯಲ್ಲಿ ನಿಂತ ನೀರಿಗೆ ನುಗ್ಗಬೇಡಿ. ಬಾನೆಟ್ ತೆರೆದಿಡುವುದರಿಂದ ತೊಂದರೆಯಿಲ್ಲ, ದೊಡ್ಡ ಪ್ರಯೋಜನವೂ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡಬಹುದೇ?

ಹೊರಡಬಹುದು, ಆದರೆ ಮೆಲ್ಲಗೆ. ಅರ್ಧ ನಿಮಿಷ ಸೀಟ್ ಬೆಲ್ಟ್, ಕನ್ನಡಿ ಸರಿಮಾಡಿಕೊಳ್ಳುವಷ್ಟರಲ್ಲಿ ಆಯಿಲ್ ಎಲ್ಲ ಕಡೆ ತಲುಪಿರುತ್ತದೆ. ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡುವುದು ಇಂಧನಕ್ಕೂ ದಂಡ, ಎಂಜಿನ್ನಿಗೂ ಒಳ್ಳೆಯದಲ್ಲ.

ಇಲ್ಲಿ ಬಹಳ ಜನ ಏಮಾರುವುದು ಮುಳ್ಳನ್ನು ನಂಬಿ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಅದು ನಡುವಿಗೆ ಬಂದು ನಿಂತ ಮೇಲೂ ಸಂಪಿನ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು. ಹೊರಟ ಮೇಲಿನ ಹತ್ತು ಹದಿನೈದು ನಿಮಿಷ ಪೆಟ್ರೋಲ್ ಎಂಜಿನ್ನಾದರೆ 3,000, ಡೀಸೆಲ್ಲಾದರೆ 2,500 ಆರ್‌ಪಿಎಂ ಒಳಗೆ ಓಡಿಸಿ, ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ. ನಿಲ್ಲಿಸುವಾಗಿನ ಐಡಲ್ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವವರೇ ಬೆಳಿಗ್ಗೆ ತಣ್ಣನೆ ಎಂಜಿನ್ನಿಗೆ ತುಳಿದು ಓವರ್‌ಟೇಕ್ ಮಾಡುವುದನ್ನು ಕಂಡರೆ ಅಚ್ಚರಿಯಾಗುತ್ತದೆ.

ಯಾವ ಆಯಿಲ್ ಹಾಕಿಸಬೇಕು?

ಕೈಪಿಡಿಯಲ್ಲಿ ಬರೆದದ್ದು. ಡಬ್ಬಿಯ ಮೇಲೆ ದೊಡ್ಡದಾಗಿ ‘ಟರ್ಬೊ’ ಎಂದು ಅಚ್ಚು ಹಾಕಿದ್ದಕ್ಕೆ ಬೆಲೆಯಿಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಮಾನಕ ನೋಡಿ. ಎರಡು ವಿಷಯ ಹೊಂದಬೇಕು. ಒಂದು, ದಪ್ಪ: 0ಡಬ್ಲ್ಯೂ-20, 5ಡಬ್ಲ್ಯೂ-30, 5ಡಬ್ಲ್ಯೂ-40 ಹೀಗೆ. ಇನ್ನೊಂದು, ಗುಣಮಟ್ಟದ ವರ್ಗ: ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಪಿ, ಯುರೋಪಿನ ಎಸಿಇಎ ಸಂಸ್ಥೆಯ ಸಿ3 ಅಥವಾ ಕಾರು ತಯಾರಕರ ಸ್ವಂತ ಸಂಖ್ಯೆ. ಡಿಪಿಎಫ್ ಇರುವ ಡೀಸೆಲ್ಲಿಗೆ ಬೂದಿ ಕಡಿಮೆ ಉಳಿಸುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸಿಂಥೆಟಿಕ್ ಆಯಿಲ್ ಬಿಸಿಗೆ ಬೇಗ ಕರಕಲಾಗುವುದಿಲ್ಲ, ಹಾಗಾಗಿ ಅದಕ್ಕೆ ಹೆಚ್ಚು ಕೊಡುವ ದುಡ್ಡು ವ್ಯರ್ಥವಲ್ಲ.

ದಪ್ಪ ಆಯಿಲ್ ಹಾಕಿದರೆ ಟರ್ಬೊಗೆ ರಕ್ಷಣೆ ಹೆಚ್ಚು ಎನ್ನುವುದು ತಪ್ಪು ಲೆಕ್ಕ. ತಣ್ಣನೆ ಎಂಜಿನ್ನಿನಲ್ಲಿ ದಪ್ಪ ಆಯಿಲ್ ಬೇರಿಂಗ್ ತಲುಪಲು ತಡವಾಗುತ್ತದೆ.

ಮಟ್ಟವನ್ನೂ ನೋಡುತ್ತಿರಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದರೆ ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿದರೂ ಕಷ್ಟವೇ. ಟರ್ಬೊದಿಂದ ಆಯಿಲ್ ಸಂಪಿಗೆ ವಾಪಸಾಗುವುದು ಪಂಪಿನಿಂದಲ್ಲ, ಬರೀ ಇಳಿಜಾರಿನಲ್ಲಿ. ಕೆಳಗೆ ತುಂಬಿದ್ದರೆ ಮೇಲಿನದು ಇಳಿಯುವುದಾದರೂ ಹೇಗೆ?

ಬದಲಾವಣೆ ಎಷ್ಟು ಕಿಲೋಮೀಟರಿಗೆ?

ಕೈಪಿಡಿಯಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಇರುತ್ತವೆ. ಯಾವುದು ಮೊದಲು ಬರುತ್ತದೋ ಅದು. ದಿನವೂ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಗಾಡಿ, ಧೂಳಿನ ರಸ್ತೆ, ಟ್ರಾಫಿಕ್ಕಿನಲ್ಲೇ ಹೆಚ್ಚು ಹೊತ್ತು, ಬೆಟ್ಟಗುಡ್ಡ ಇವೆಲ್ಲ ಕಠಿಣ ಬಳಕೆಯ ಲೆಕ್ಕ. ಅದೇ ಕೈಪಿಡಿಯಲ್ಲಿ ಇದಕ್ಕೆ ಬೇರೆಯೇ ಕಡಿಮೆ ಅವಧಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಆಯಿಲ್ ಹೊಸದು, ಫಿಲ್ಟರ್ ಹಳೆಯದು ಎನ್ನುವ ಉಳಿತಾಯ ಮಾತ್ರ ಟರ್ಬೊ ಕಾರಿನಲ್ಲಿ ಮಾಡಬೇಡಿ. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ಲೇ ಬೇರಿಂಗಿಗೆ ಹೋಗುತ್ತದೆ.

ಮೈಲೇಜ್ ಸಿಗಲೆಂದು ಟಾಪ್ ಗೇರಿನಲ್ಲಿ 1,200 ಆರ್‌ಪಿಎಂಗೇ ಓಡಿಸುತ್ತೇನೆ. ತಪ್ಪೇ?

ಸಮತಟ್ಟಿನಲ್ಲಿ ಹಗುರವಾಗಿ ಸಾಗುವಾಗ ಪರವಾಗಿಲ್ಲ. ಅದೇ ಗೇರಿನಲ್ಲಿ ಏರು ಬಂದಾಗ ಡೌನ್‌ಶಿಫ್ಟ್ ಮಾಡದೆ ಆಕ್ಸಿಲರೇಟರ್ ತುಳಿದರೆ ಎಂಜಿನ್ ತಿಣುಕುತ್ತದೆ. ನೇರವಾಗಿ ಸಿಲಿಂಡರಿಗೇ ಇಂಧನ ಚಿಮ್ಮಿಸುವ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದು ಅಪಾಯಕಾರಿ. ಕಡಿಮೆ ವೇಗ, ಹೆಚ್ಚು ಲೋಡಿನಲ್ಲಿ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು, ಪಿಸ್ಟನ್ ಬಿರಿಯುವಷ್ಟು ಒತ್ತಡ ಹುಟ್ಟಬಹುದು. ಸಿಲಿಂಡರ್ ಗೋಡೆಯ ಆಯಿಲ್ ಹನಿಗಳೂ ಕಿಡಿಯ ಕೆಲಸ ಮಾಡುತ್ತವೆ. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆಂದು ಗೊತ್ತಾದ ಮೇಲೆ ಆಯಿಲ್ ಮಾನಕವನ್ನೇ ಬದಲಿಸಿದರು. 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂದದ್ದರ ಹಿಂದೆ ಈ ಕಾರಣವೂ ಇದೆ. ಒಂದು ಗೇರ್ ಇಳಿಸಿ ತುಳಿಯಿರಿ.

ಯಾವಾಗಲೂ ನಿಧಾನವಾಗಿ ಓಡಿಸಿದರೆ ಟರ್ಬೊ ಹೆಚ್ಚು ಬಾಳುತ್ತದೆಯೇ?

ಡೀಸೆಲ್ಲಿನಲ್ಲಿ ಉಲ್ಟಾ ಆಗುವುದುಂಟು. ಈಗಿನ ಬಹುತೇಕ ಡೀಸೆಲ್ ಟರ್ಬೊಗಳಲ್ಲಿ ಟರ್ಬೈನ್ ಸುತ್ತ ಪುಟ್ಟ ರೆಕ್ಕೆಗಳ ಸಾಲಿರುತ್ತದೆ. ವೇಗಕ್ಕೆ ತಕ್ಕಂತೆ ಅವು ಓರೆಯಾಗಿ, ನೆಟ್ಟಗಾಗಿ ಅನಿಲದ ದಾರಿ ಹಿಗ್ಗಿಸಿ ಕುಗ್ಗಿಸುತ್ತವೆ. ಸದಾ ಟ್ರಾಫಿಕ್ಕಿನಲ್ಲೇ ತೆವಳುವ ಗಾಡಿಯಲ್ಲಿ ಮಸಿ ಕಟ್ಟಿ ಅವು ಹಿಡಿದುಕೊಳ್ಳುತ್ತವೆ. ಆಗ ಓವರ್‌ಟೇಕ್ ಮಾಡಲು ತುಳಿದಾಗಲೇ ಪಿಕಪ್ ಸತ್ತು, ಗಾಡಿ ಲಿಂಪ್ ಮೋಡಿಗೆ (ಹಾನಿ ತಪ್ಪಿಸಲು ಶಕ್ತಿ ಕಡಿತಗೊಳಿಸಿ ಓಡುವ ಸ್ಥಿತಿಗೆ) ಹೋಗುತ್ತದೆ. ಆಗೀಗ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೈವೇಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಟರ್ಬೊಗೂ ಡಿಪಿಎಫ್‌ಗೂ ಒಳ್ಳೆಯದು.

ಏರ್ ಫಿಲ್ಟರ್, ಇಂಟರ್‌ಕೂಲರ್ ಬಗ್ಗೆ ಏನು ನೋಡಿಕೊಳ್ಳಬೇಕು?

ಲಕ್ಷಗಟ್ಟಲೆ ವೇಗದಲ್ಲಿ ತಿರುಗುವ ಅಲ್ಯೂಮಿನಿಯಂ ಚಕ್ರಕ್ಕೆ ಮರಳಿನ ಕಣವೂ ಉಳಿ ಇದ್ದಂತೆ ಎಂದೇ ತಿಳಿಯಿರಿ. ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ ಸರಿಯಾಗಿ ಕೂರದೆ ಸಂದಿನಲ್ಲಿ ಧೂಳು ಹೋದರೆ ರೆಕ್ಕೆಗಳ ಅಂಚು ಸವೆಯುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಇನ್ನೊಂದು ತೊಂದರೆ: ಕಂಪ್ರೆಸರ್ ಹಿಂದೆ ಎಳೆತ ಹೆಚ್ಚಾಗಿ ಬೇರಿಂಗಿನ ಆಯಿಲ್ ಸೀಲ್ ದಾಟಿ ಬರುತ್ತದೆ. ಹೊಸ ಟರ್ಬೊ ಬೇಕು ಎಂದು ತೀರ್ಮಾನಿಸುವ ಮೊದಲು ಫಿಲ್ಟರ್ ಬಿಚ್ಚಿ ನೋಡಿ.

ಇಂಟರ್‌ಕೂಲರ್ ಕೆಲಸ ಒತ್ತಿದ ಗಾಳಿಯನ್ನು ತಣಿಸುವುದು. ಒತ್ತಿದಾಗ ಗಾಳಿ 100 ಡಿಗ್ರಿಯನ್ನೂ ಮೀರಿ ಕಾಯುತ್ತದೆ, ಕಾದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಬಂಪರ್ ಹಿಂದಿನ ಅದರ ಜಾಲರಿಗೆ ಕೆಸರು, ಹುಳ, ಎಲೆ ಸಿಕ್ಕಿದ್ದರೆ ಮೆದುವಾದ ನೀರಿನ ಧಾರೆಯಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ಜಾಲರಿ ಮಡಚಿಹೋಗುತ್ತದೆ.

ಇಂಟರ್‌ಕೂಲರ್ ಹೋಸಿನಲ್ಲಿ ಆಯಿಲ್ ಇದೆ, ಟರ್ಬೊ ಹೋಯಿತು ಎನ್ನುತ್ತಾರೆ ಗ್ಯಾರೇಜಿನವರು. ನಂಬಲೇ?

ಬೆರಳಿಗೆ ಅಂಟುವ ತೆಳು ಪಸೆ ಸಹಜ. ಎಂಜಿನ್ನಿನ ಒಳಗಿನ ಆಯಿಲ್ ಆವಿ ಬ್ರೀದರ್ ಪೈಪಿನ ಮೂಲಕ ಗಾಳಿದಾರಿಗೆ ಬರುತ್ತಲೇ ಇರುತ್ತದೆ. ಹೋಸ್ ಬಗ್ಗಿಸಿದಾಗ ಆಯಿಲ್ ಸುರಿದರೆ ಮಾತ್ರ ಚಿಂತಿಸಿ. ಆಗಲೂ ಮೊದಲು ಬ್ರೀದರ್, ಟರ್ಬೊದಿಂದ ಆಯಿಲ್ ಸಂಪಿಗೆ ಇಳಿಯುವ ಡ್ರೈನ್ ಪೈಪ್ ನೋಡಿಸಿ.

ಟರ್ಬೊ ನಿಜವಾಗಿ ಕೆಡುತ್ತಿದೆ ಎಂದು ತಿಳಿಯುವುದು ಹೇಗೆ?

ಸೈಲೆನ್ಸರಿನಿಂದ ನೀಲಿ ಹೊಗೆ, ಆಯಿಲ್ ಮಟ್ಟ ಇಳಿಯುವುದು, ಆರ್‌ಪಿಎಂ ಜೊತೆ ಏರುವ ಸೈರನ್ನಿನಂಥ ಕೂಗು, ಪಿಕಪ್ ಇಲ್ಲದಿರುವುದು. ಕಪ್ಪು ಹೊಗೆಯ ಜೊತೆ ‘ಸುಯ್’ ಎಂಬ ಗಾಳಿಯ ಸದ್ದಿದ್ದರೆ ಟರ್ಬೊಗಿಂತ ಹರಿದ ಹೋಸ್ ಮೇಲೆ ಮೊದಲ ಅನುಮಾನ ಪಡಿ. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0299 ಎಂಬ ಕೋಡ್ ಬಂದರೆ ಬೂಸ್ಟ್ ಸಾಲದು, ಪಿ0234 ಬಂದರೆ ಬೂಸ್ಟ್ ಮಿತಿಮೀರಿದೆ ಎಂದರ್ಥ. ಇವೆರಡೂ ರೋಗದ ಲಕ್ಷಣ ಹೇಳುತ್ತವೆಯೇ ಹೊರತು ಟರ್ಬೊ ಬದಲಿಸಿ ಎಂದು ಹೇಳುವುದಿಲ್ಲ.

ಶಾಫ್ಟ್ ಪರೀಕ್ಷೆ ಬರಿಗೈಯಲ್ಲೇ ಮಾಡಬಹುದು. ಎಂಜಿನ್ ಆಫ್ ಇದ್ದು ಪೂರ್ತಿ ತಣಿದಾಗ ಕಂಪ್ರೆಸರಿಗೆ ಬರುವ ಗಾಳಿ ಪೈಪ್ ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಮೇಲೆ ಕೆಳಗೆ ಒತ್ತಿದರೆ ಸ್ವಲ್ಪ ಅಲ್ಲಾಡುತ್ತದೆ. ಆಯಿಲ್ ಒತ್ತಡ ಇಲ್ಲದಾಗ ಬುಶ್ ಬೇರಿಂಗಿನಲ್ಲಿ ಅಷ್ಟು ಆಟ ಇರಲೇಬೇಕು, ಗಾಬರಿಯಾಗಬೇಡಿ. ಈಗ ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಕೈಗೆ ತಿಳಿಯುವಷ್ಟು ಆಟ ಇರಬಾರದು. ಕೊನೆಗೆ ಒಂದು ಕಡೆಗೆ ಒತ್ತಿ ಹಿಡಿದೇ ಚಕ್ರ ತಿರುಗಿಸಿ. ರೆಕ್ಕೆ ಗೋಡೆಗೆ ತಾಗಿದರೆ, ಟಾರ್ಚ್ ಬೆಳಕಿನಲ್ಲಿ ಗೋಡೆಯ ಮೇಲೆ ಹೊಳೆಯುವ ಉಜ್ಜಿದ ಗೆರೆ ಕಂಡರೆ ಬೇರಿಂಗ್ ಮುಗಿದಿದೆ.

ಡೀಸೆಲ್ ಎಂಜಿನ್ ಆಫ್ ಮಾಡಿದರೂ ನಿಲ್ಲದೆ ತಾನೇ ರೇಸ್ ಆಗುವುದು ನಿಜವೇ?

ನಿಜ, ಅಪರೂಪಕ್ಕೆ. ಟರ್ಬೊ ಸೀಲ್ ಕೆಟ್ಟು ಆಯಿಲ್ ಧಾರಾಳವಾಗಿ ಗಾಳಿದಾರಿಗೆ ಹೋದರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಳ್ಳುತ್ತದೆ. ಕೀ ತೆಗೆದರೆ ಡೀಸೆಲ್ ನಿಲ್ಲುತ್ತದೆ, ಆಯಿಲ್ ನಿಲ್ಲುವುದಿಲ್ಲ. ಮ್ಯಾನುವಲ್ ಗೇರ್ ಇದ್ದರೆ, ಗಾಡಿ ನಿಂತಿರುವಾಗ ಬ್ರೇಕ್ ಗಟ್ಟಿಯಾಗಿ ತುಳಿದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಬಂದ್ ಬೀಳುತ್ತದೆ. ಆಟೊಮ್ಯಾಟಿಕ್ ಆದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಗಾಳಿ ಪೈಪಿಗೆ ಕೈ ಅಡ್ಡ ಹಿಡಿಯುವ ಸಾಹಸ ಬೇಡ.

ಹೊಸ ಟರ್ಬೊ ಹಾಕಿಸಿ ಕೆಲವೇ ತಿಂಗಳಿಗೆ ಮತ್ತೆ ಕೆಟ್ಟಿತು. ಕಳಪೆ ಮಾಲೇ?

ಇರಬಹುದು, ಆದರೆ ಹೆಚ್ಚಾಗಿ ಮೊದಲನೆಯದನ್ನು ಕೊಂದ ಕಾರಣವೇ ಎರಡನೆಯದನ್ನೂ ಕೊಂದಿರುತ್ತದೆ. ಟರ್ಬೊ ತಾನಾಗಿ ಸಾಯುವುದು ಕಡಿಮೆ. ಆಯಿಲ್ ಸಾಲದೆ, ಆಯಿಲ್ ಕೊಳಕಾಗಿ, ಅಥವಾ ಹೊರಗಿನ ವಸ್ತು ಒಳಹೊಕ್ಕು ಸಾಯುತ್ತದೆ. ಕರಕಲು ಕಟ್ಟಿದ ಹಳೇ ಫೀಡ್ ಪೈಪನ್ನೇ ಹೊಸ ಟರ್ಬೊಗೆ ಜೋಡಿಸಿದರೆ, ಅದರ ಬೋಲ್ಟಿನೊಳಗಿನ ಪುಟ್ಟ ಜಾಲರಿಯನ್ನು ನೋಡದೆ ಬಿಟ್ಟರೆ, ಗ್ಯಾಸ್ಕೆಟ್ ಬದಲು ಬಳಿದ ಸಿಲಿಕೋನ್ ಪೇಸ್ಟ್ ಹಿಂಡಿ ಆಯಿಲ್ ರಂಧ್ರಕ್ಕೆ ಬಿದ್ದರೆ, ಮುರಿದ ರೆಕ್ಕೆಯ ಚೂರು ಇಂಟರ್‌ಕೂಲರಿನಲ್ಲೇ ಉಳಿದಿದ್ದರೆ ಫಲ ಒಂದೇ.

ಹೊಸದು ಕೂರಿಸುವಾಗ ಮೆಕ್ಯಾನಿಕ್ ಮುಂದೆ ನಿಂತು ಇಷ್ಟು ಕೇಳಿ: ಆಯಿಲ್ ಮತ್ತು ಫಿಲ್ಟರ್ ಹೊಸದೇ, ಫೀಡ್ ಪೈಪ್ ಬದಲಾಯಿತೇ, ಡ್ರೈನ್ ಪೈಪ್ ಮತ್ತು ಬ್ರೀದರ್ ಸ್ವಚ್ಛವಿದೆಯೇ, ಇಂಟರ್‌ಕೂಲರ್ ಬಿಚ್ಚಿ ತೊಳೆದರೇ. ಫೀಡ್ ಪೈಪ್ ಜೋಡಿಸುವ ಮೊದಲು ಬೇರಿಂಗಿನ ರಂಧ್ರಕ್ಕೆ ಹೊಸ ಆಯಿಲ್ ಹನಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಆಮೇಲೆ ಇಂಧನ ಬಂದ್ ಮಾಡಿ, ಆಯಿಲ್ ಒತ್ತಡ ಬರುವವರೆಗೆ ತುಸು ತುಸುವೇ ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಕೆಲ ನಿಮಿಷ ರೇಸ್ ಕೊಡದೆ ಐಡಲ್‌ನಲ್ಲೇ ಬಿಟ್ಟು, ಎಲ್ಲ ಜೋಡಣೆಗಳ ಕೆಳಗೆ ಟಾರ್ಚ್ ಹಿಡಿದು ಸೋರಿಕೆ ನೋಡಿ, ಆಫ್ ಮಾಡಿ, ಆಯಿಲ್ ಮಟ್ಟ ಮತ್ತೊಮ್ಮೆ ಅಳೆಯಬೇಕು.